ಹೊಳೆಯ ಲೆಕ್ಕ: ಚದುರಿದ ಮಾಲಿನ್ಯವನ್ನು ಅಂದಾಜು ಮಾಡುವ ಬಗೆ



ಮಳೆಗಾಲದ ಮೊದಲ ದೊಡ್ಡ ಮಳೆ ಬಿದ್ದ ಮರುದಿನ ನಮ್ಮ ಬೆಟ್ಟದ ಹಳ್ಳಗಳನ್ನು ನೀವೆಲ್ಲರೂ ನೋಡಿದ್ದೀರಿ. ಹಿಂದಿನ ದಿನ ತಳದ ಕಲ್ಲು ಕಾಣುವಷ್ಟು ತಿಳಿಯಾಗಿದ್ದ ನೀರು ಬೆಳಗಾಗುವುದರೊಳಗೆ ಚಹಾದ ಬಣ್ಣಕ್ಕೆ ತಿರುಗಿರುತ್ತದೆ. ಕಳೆದ ವರ್ಷ ಅಂಥದೊಂದು ಬೆಳಿಗ್ಗೆ ಸೇತುವೆಯ ಬಳಿ ಎಂಟನೆಯ ತರಗತಿಯ ಹುಡುಗನೊಬ್ಬ ನಮ್ಮನ್ನು ಕೇಳಿದ: "ಸಾರ್, ಇಷ್ಟು ಕೊಳೆ ಎಲ್ಲಿಂದ ಬಂತು?" ಪಕ್ಕದಲ್ಲಿದ್ದವನು ತಡಮಾಡದೆ, "ಪೇಟೆಯ ಚರಂಡಿಯಿಂದ" ಎಂದ. ಆಗ ಒಬ್ಬ ಹುಡುಗಿ, "ಚರಂಡಿ ಸೇರುವುದು ಸೇತುವೆಯ ಕೆಳಗಡೆ ಅಲ್ಲವೇ ಸಾರ್? ಇಲ್ಲಿ ಮೇಲುಗಡೆಯೂ ನೀರು ಕೆಂಪಗೇ ಇದೆಯಲ್ಲ!" ಎಂದಳು.

ನಾವು ಕನ್ನಡ ಪಾಠ ಹೇಳುವವರು. ಆ ಹುಡುಗಿಯ ಪ್ರಶ್ನೆಗೆ ಅಂದು ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಉತ್ತರ ಹುಡುಕಿಕೊಂಡು ವಿಜ್ಞಾನದ ಪುಸ್ತಕಗಳನ್ನು ಓದಿದೆವು. ಗಣಿತದ ಸಹೋದ್ಯೋಗಿಗಳ ಬಳಿ ಕುಳಿತು ಲೆಕ್ಕ ಕಲಿತೆವು. ಹಾಗೆ ತಿಳಿದುಕೊಂಡದ್ದನ್ನು ಈ ವರ್ಷದ ಸಂಚಿಕೆಯಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ. ಮನೆಯಲ್ಲಿ ಹೊಲ ತೋಟ ಇರುವ ಪೋಷಕರೂ ಇದನ್ನು ಓದಬೇಕೆಂದು ನಮ್ಮ ಆಸೆ. ಇದರಲ್ಲಿ ಬರುವ ಗಣಿತ ಏಳನೆಯ ತರಗತಿಯ ಗುಣಾಕಾರ ಭಾಗಾಕಾರಕ್ಕಿಂತ ಹೆಚ್ಚಿನದಲ್ಲ.

ಎರಡು ಬಗೆಯ ಮಾಲಿನ್ಯ

ಹೊಳೆಗೆ ಕೊಳೆ ಎರಡು ದಾರಿಗಳಿಂದ ಬರುತ್ತದೆ. ಒಂದು, ಬಾಯಿ ಇರುವ ದಾರಿ. ಕಾರ್ಖಾನೆಯ ಕೊಳವೆ, ಊರಿನ ಚರಂಡಿ ಮುಂತಾದವುಗಳ ಬಾಯಿ ಇಂಥ ಕಡೆ ಇದೆ ಎಂದು ಬೆರಳು ಮಾಡಿ ತೋರಿಸಬಹುದು. ಇದನ್ನು ಬಿಂದು ಮೂಲದ ಮಾಲಿನ್ಯ ಎನ್ನುತ್ತಾರೆ. ಎರಡನೆಯದಕ್ಕೆ ಬಾಯಿಯೇ ಇಲ್ಲ. ಹೊಲದ ಗೊಬ್ಬರ, ಔಷಧಿ, ರಸ್ತೆಯ ಎಣ್ಣೆ, ದನದ ಕೊಟ್ಟಿಗೆಯ ಸಗಣಿ, ಕುಸಿದ ಬರೆಯ ಮಣ್ಣು, ಎಲ್ಲವೂ ಮಳೆನೀರಿನ ಜೊತೆಗೆ ದಡದ ಉದ್ದಕ್ಕೂ ಇಳಿದು ಹೊಳೆ ಸೇರುತ್ತವೆ. ಒಂದಿಷ್ಟು ನೆಲದೊಳಗೆ ಇಂಗಿ, ವಾರಗಟ್ಟಲೆ ತಿಂಗಳುಗಟ್ಟಲೆ ತಡವಾಗಿ ಒರತೆಯಾಗಿ ಬರುತ್ತದೆ. ಇದು ಚದುರಿದ ಮೂಲದ ಮಾಲಿನ್ಯ.

ಮೊದಲನೆಯದಕ್ಕೆ ಕಾಯಿದೆಯ ಹಿಡಿತವಿದೆ. ನಮ್ಮ ದೇಶದಲ್ಲಿ 1974ರಲ್ಲಿ ಜಲಮಾಲಿನ್ಯ ತಡೆ ಕಾಯಿದೆ ಬಂದಿತು; ಹೊಲಸು ನೀರು ಬಿಡುವ ಕಾರ್ಖಾನೆ ಮಾಲಿನ್ಯ ನಿಯಂತ್ರಣ ಮಂಡಲಿಯ ಒಪ್ಪಿಗೆ ಪಡೆಯಬೇಕಾಯಿತು. ಎರಡನೆಯದಕ್ಕೆ ಯಾರಿಂದ ಒಪ್ಪಿಗೆ ಕೇಳುವುದು? ಸಾವಿರ ಹೊಲಗಳಿಂದ ಒಂದೊಂದು ಹಿಡಿ ಬಂದರೆ ಯಾರನ್ನು ಕರೆದು ವಿಚಾರಿಸುವುದು? "ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ" ಎಂಬ ಗಾದೆಯನ್ನು ಉಳಿತಾಯದ ಪಾಠದಲ್ಲಿ ಹೇಳಿಕೊಡುತ್ತೇವೆ. ಅದೇ ಗಾದೆ ಕೊಳೆಗೂ ಸಲ್ಲುತ್ತದೆ.

ಇದು ಸಣ್ಣ ಸಂಗತಿಯಲ್ಲ. ಅಮೆರಿಕದಲ್ಲಿ 1972ರ ಕಾಯಿದೆಯ ನಂತರ ಕೊಳವೆಗಳ ಹೊಲಸನ್ನು ಶುದ್ಧಗೊಳಿಸಲು ಅಪಾರ ಹಣ ಸುರಿದರು. ಈರಿ ಎಂಬ ಮಹಾ ಸರೋವರ ಸ್ವಲ್ಪ ಕಾಲ ಸುಧಾರಿಸಿತು. ಆದರೆ ಹೊಲಗಳಿಂದ ಹರಿದುಬಂದ ರಂಜಕದ ಗೊಬ್ಬರವನ್ನು ಉಂಡು ವಿಷದ ಪಾಚಿ ಮತ್ತೆ ಬೆಳೆಯಿತು. 2014ರ ಆಗಸ್ಟ್ ತಿಂಗಳಲ್ಲಿ ಟೊಲಿಡೊ ನಗರದ ಸುತ್ತಿನ ನಾಲ್ಕು ಲಕ್ಷಕ್ಕೂ ಹೆಚ್ಚು ಜನರಿಗೆ, ನಲ್ಲಿಯ ನೀರನ್ನು ಕುಡಿಯಬೇಡಿ, ಕುದಿಸಿಯೂ ಕುಡಿಯಬೇಡಿ ಎಂದು ಸಾರಬೇಕಾಯಿತು. ಬಾಯಿ ಇದ್ದ ಚರಂಡಿಗಳನ್ನು ಸರಿಪಡಿಸಿದವರು ಬಾಯಿ ಇಲ್ಲದ ಚರಂಡಿಯ ಲೆಕ್ಕದಲ್ಲಿ ಸೋತಿದ್ದರು.

ನಮ್ಮ ಬೆಟ್ಟ, ನಮ್ಮ ನೀರು

ನಮ್ಮ ನೀಲಗಿರಿಯ ನೀರು ಎರಡು ಕಡಲುಗಳಿಗೆ ಹೋಗುತ್ತದೆ. ಗೂಡಲೂರಿನ ಕಡೆ ಬಿದ್ದ ಮಳೆಯ ಬಹುಭಾಗ ಪಾಂಡಿಯಾರು, ಪುನ್ನಪುಳೆಗಳ ಮೂಲಕ ಕೇರಳದ ಚಾಲಿಯಾರನ್ನು ಸೇರಿ, ಬೇಪೂರಿನ ಬಳಿ ಅರಬ್ಬೀ ಸಮುದ್ರಕ್ಕೆ ಬೀಳುತ್ತದೆ. 'ಕೂಡಲ್' ಎಂದರೆ ಹೊಳೆಗಳು ಕೂಡುವ ಸ್ಥಳ ಎಂಬುದನ್ನು ಕೂಡಲಸಂಗಮದ ಹೆಸರಿನಿಂದಲೂ ನೀವು ಬಲ್ಲಿರಿ. ಈಚೆ ಮಸಿನಗುಡಿಯ ಕಡೆಗೆ ಇಳಿಯುವ ಸೀಗೂರು ಹಳ್ಳ ಮೋಯಾರನ್ನು ಸೇರುತ್ತದೆ. ಮೋಯಾರಿನ ಈ ದಡದಲ್ಲಿ ಮುದುಮಲೆ, ಆ ದಡದಲ್ಲಿ ಕರ್ನಾಟಕದ ಬಂಡೀಪುರ. ಆನೆ, ಕಾಟಿ, ಜಿಂಕೆಗಳಿಗೆ ಬೇಸಿಗೆಯಲ್ಲಿ ಆ ಹೊಳೆಯೇ ಗತಿ. ಅದು ಮುಂದೆ ಭವಾನಿಸಾಗರ ಜಲಾಶಯಕ್ಕೆ ಬೀಳುತ್ತದೆ. ಆ ಜಲಾಶಯದ ಕಾಲುವೆ ಸುಮಾರು 2 ಲಕ್ಷ ಎಕರೆ ಭೂಮಿಗೆ ನೀರುಣಿಸುತ್ತದೆ. ಅಲ್ಲಿಂದ ಭವಾನಿ, ಭವಾನಿಯಿಂದ ಕಾವೇರಿ, ಕಾವೇರಿಯಿಂದ ಬಂಗಾಳ ಕೊಲ್ಲಿ. ಉದಕಮಂಡಲದ ಒಂದು ಕ್ಯಾರೆಟ್ ಹೊಲದ ಗೊಬ್ಬರ ಈರೋಡಿನ ಒಂದು ಬಿಂದಿಗೆಯಲ್ಲಿ ಬಂದು ಕೂರಬಹುದು.

ಇಲ್ಲಿ ಇಳಿಜಾರು ಕಡಿದು. ಬೆಳೆಯೋ ಆಲೂಗೆಡ್ಡೆ, ಕ್ಯಾರೆಟ್, ಕೋಸು. ಇವು ಮಣ್ಣನ್ನು ಪದೇ ಪದೇ ಸಡಿಲಿಸಿ, ಗೊಬ್ಬರ ಚೆನ್ನಾಗಿ ಹಾಕಿ ತೆಗೆಯುವ ಬೆಳೆಗಳು. ಮಳೆಯೂ ಸಾಮಾನ್ಯದ್ದಲ್ಲ. 2019ರ ಆಗಸ್ಟ್ ತಿಂಗಳಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 80 ಸೆಂಟಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅದೇ ಜಿಲ್ಲೆಯ ಮಸಿನಗುಡಿ ಮಳೆಯ ಮರೆಯಲ್ಲಿರುವ ಒಣನಾಡು. ಆದುದರಿಂದ ಒಂದೂರಿನ ಲೆಕ್ಕವನ್ನು ಇನ್ನೊಂದೂರಿಗೆ ಹಾಗೆಯೇ ಹೊಂದಿಸಲಾಗದು.

ಹೊರೆ ಎಂದರೇನು?

ನೀರಿನ ಪರೀಕ್ಷೆಯಲ್ಲಿ ಒಂದು ಲೀಟರಿನಲ್ಲಿ ಇಷ್ಟು ಮಿಲಿಗ್ರಾಂ ಎಂದು ಹೇಳುತ್ತಾರೆ. ಇದು ಸಾರತೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ; ಮೀರಿದರೆ ಹಸುಗೂಸುಗಳಿಗೆ ಅಪಾಯ. ಆದರೆ ಹೊಳೆ ಒಟ್ಟು ಎಷ್ಟು ಹೊತ್ತು ತರುತ್ತಿದೆ ಎಂಬುದನ್ನು ತಿಳಿಯಲು ಸಾರತೆಯೊಂದೇ ಸಾಲದು. ನೀರು ಎಷ್ಟು ಹರಿಯುತ್ತಿದೆ ಎಂಬುದೂ ಬೇಕು. ಹರಿವನ್ನು ಸಾರತೆಯಿಂದ ಗುಣಿಸಿದರೆ ಬರುವುದೇ ಹೊರೆ.

ಒಂದು ಕಲ್ಪಿತ ಹಳ್ಳವನ್ನು ತೆಗೆದುಕೊಳ್ಳೋಣ. ಬೇಸಿಗೆಯಲ್ಲಿ ಸೆಕೆಂಡಿಗೆ 200 ಲೀಟರ್ ನೀರು. ಲೀಟರಿಗೆ 5 ಮಿಲಿಗ್ರಾಂ ಮಣ್ಣು. ಹೊರೆ ಸೆಕೆಂಡಿಗೆ 1,000 ಮಿಲಿಗ್ರಾಂ, ಎಂದರೆ 1 ಗ್ರಾಂ. ದಿನಕ್ಕೆ 86,400 ಸೆಕೆಂಡುಗಳಾದ್ದರಿಂದ ದಿನದ ಹೊರೆ 86.4 ಕಿಲೋಗ್ರಾಂ.

ಈಗ ಅದೇ ಹಳ್ಳಕ್ಕೆ ಮಳೆ ಬಂದು ಹರಿವು ಇಪ್ಪತ್ತು ಪಟ್ಟು ಏರಿ 4,000 ಲೀಟರ್ ಆಯಿತೆನ್ನಿರಿ. ಮಣ್ಣು ಆರು ಪಟ್ಟು ಏರಿ ಲೀಟರಿಗೆ 30 ಮಿಲಿಗ್ರಾಂ ಆಯಿತೆನ್ನಿರಿ. ಹೊರೆ ಸೆಕೆಂಡಿಗೆ 120 ಗ್ರಾಂ. ಈ ಪ್ರವಾಹ ಆರೇ ಗಂಟೆ ನಿಂತರೂ 2,592 ಕಿಲೋಗ್ರಾಂ ಹೋಗುತ್ತದೆ. ಇದು ಬೇಸಿಗೆಯ ಪೂರಾ ಮೂವತ್ತು ದಿನಗಳ ಹೊರೆಗೆ ಸಮ!

ಚದುರಿದ ಮಾಲಿನ್ಯದ ಗುಟ್ಟು ಇಲ್ಲಿದೆ. ಚರಂಡಿಯ ಕೊಳೆ ದಿನವೂ ಹೆಚ್ಚುಕಡಿಮೆ ಒಂದೇ ಸಮ ಬರುತ್ತದೆ. ನೆಲದ ಕೊಳೆ ಮಳೆಯ ಕೆಲವೇ ಗಂಟೆಗಳಲ್ಲಿ ಒಟ್ಟಾಗಿ ಬರುತ್ತದೆ. ತಿಂಗಳಿಗೊಮ್ಮೆ ಬಿಸಿಲಿನ ದಿನ ಬಾಟಲಿ ತುಂಬಿಕೊಂಡು ಹೋಗುವವರಿಗೆ ಅದು ಸಿಕ್ಕುವುದೇ ಇಲ್ಲ. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಯಿಂದ ಭದ್ರಾ ನದಿಗೆ ಇಳಿಯುತ್ತಿದ್ದ ಹೂಳನ್ನು ಅಳೆದ ವಿಜ್ಞಾನಿಗಳು ಮಳೆ ಸುರಿಯುತ್ತಿರುವಾಗಲೇ ನೀರಿನ ನಮೂನೆ ತೆಗೆದರು. ಗಣಿ ಆಕ್ರಮಿಸಿದ್ದ ನೆಲದ ಪಾಲಿಗಿಂತ ಹೂಳಿನಲ್ಲಿ ಅದರ ಪಾಲು ಬಹಳ ಹೆಚ್ಚೆಂದು ಆಗ ಗೊತ್ತಾಯಿತು. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಆ ಗಣಿಗಾರಿಕೆ 2005ರ ಕೊನೆಗೆ ನಿಂತಿತು.

ಉಳಿಕೆಯ ಲೆಕ್ಕ

ಬಾಯಿ ಇಲ್ಲದ ಚರಂಡಿಗೆ ಬಾಟಲಿ ಹಿಡಿಯುವುದು ಹೇಗೆ? ಹಿಡಿಯಲಾಗದು. ಆದರೆ ಅಂಗಡಿಯವರು ಮಾಡುವ ಲೆಕ್ಕವನ್ನು ಇಲ್ಲಿಯೂ ಮಾಡಬಹುದು. ಬೆಳಿಗ್ಗೆ ಪೆಟ್ಟಿಗೆಯಲ್ಲಿ ಇದ್ದ ಹಣ, ಚೀಟಿಯಲ್ಲಿ ಬರೆದ ವ್ಯಾಪಾರ, ಎರಡನ್ನೂ ಕೂಡಿಸಿ ಸಂಜೆಯ ಹಣಕ್ಕೆ ಹೋಲಿಸುತ್ತಾರೆ. ಸಂಜೆ ಹೆಚ್ಚು ಹಣವಿದ್ದರೆ, ಚೀಟಿಯಲ್ಲಿ ಬರೆಯದ ವ್ಯಾಪಾರ ಅಷ್ಟು ನಡೆದಿದೆ ಎಂದು ಅರ್ಥ.

ಹೊಳೆಯ ಒಂದು ತುಂಡನ್ನು ಆರಿಸಿಕೊಳ್ಳಿರಿ. ಮೇಲಿನ ಸೇತುವೆಯ ಬಳಿ ಸೆಕೆಂಡಿಗೆ 100 ಲೀಟರ್ ನೀರು, ಲೀಟರಿಗೆ 4 ಮಿಲಿಗ್ರಾಂ ನೈಟ್ರೇಟ್ ಇದೆಯೆನ್ನೋಣ: ಹೊರೆ 400 ಮಿಲಿಗ್ರಾಂ. ನಡುವೆ ಒಂದು ಚರಂಡಿ 20 ಲೀಟರ್ ನೀರನ್ನು ಲೀಟರಿಗೆ 10 ಮಿಲಿಗ್ರಾಂನಂತೆ ತರುತ್ತದೆ: ಹೊರೆ 200. ಒಟ್ಟು 120 ಲೀಟರ್ ನೀರು, 600 ಮಿಲಿಗ್ರಾಂ ಹೊರೆ ಕೆಳಗಿನ ಸೇತುವೆಗೆ ತಲುಪಬೇಕು. ಅಳೆದು ನೋಡಿದರೆ ಅಲ್ಲಿ 160 ಲೀಟರ್ ನೀರು, ಲೀಟರಿಗೆ 6 ಮಿಲಿಗ್ರಾಂ ಇದೆ: ಹೊರೆ 960.

ಹಾಗಾದರೆ 40 ಲೀಟರ್ ನೀರೂ 360 ಮಿಲಿಗ್ರಾಂ ನೈಟ್ರೇಟೂ ಎಲ್ಲಿಂದ ಬಂದವು? ದಡದ ಉದ್ದಕ್ಕೂ ಒಸರಿ ಬಂದವು. ಎಲ್ಲರೂ ಬೈಯುತ್ತಿದ್ದ ಚರಂಡಿ ತಂದದ್ದು 200; ಯಾರ ಕಣ್ಣಿಗೂ ಬೀಳದ ದಡಗಳು ತಂದದ್ದು 360. ಇನ್ನೊಂದು ಭಾಗಾಕಾರ ಮಾಡಿರಿ: 360ನ್ನು 40ರಿಂದ ಭಾಗಿಸಿದರೆ 9. ತಿಳಿಯಾಗಿ ಕಾಣುವ ಒರತೆಯ ನೀರಿನಲ್ಲಿ ಲೀಟರಿಗೆ 9 ಮಿಲಿಗ್ರಾಂ ಇದೆ. ಚರಂಡಿಯ 10ಕ್ಕೂ ಇದಕ್ಕೂ ಅಂತರ ಬಹಳವಿಲ್ಲ. ಕಣ್ಣಿಗೆ ಕಾಣುವ ತಿಳಿಯನ್ನೇ ನಂಬಬಾರದೆಂಬುದಕ್ಕೆ ಇದೊಂದು ಪಾಠ. ಇವು ಪಾಠಕ್ಕಾಗಿ ಇಟ್ಟುಕೊಂಡ ಅಂಕಿಗಳು. ಕ್ರಮ ಮಾತ್ರ ನಿಜವಾದ ನದಿಗಳಲ್ಲಿ ಬಳಸುವ ಕ್ರಮವೇ.

ಈ ಲೆಕ್ಕಕ್ಕೆ ಮೂರು ಎಚ್ಚರಿಕೆಗಳು ಅಗತ್ಯ. ಒಂದು, ಮೇಲೆ ಅಳೆದ ನೀರು ಕೆಳಗೆ ತಲುಪುವಷ್ಟು ಹೊತ್ತು ಕಾದು ಎರಡನೆಯ ನಮೂನೆಯನ್ನು ತೆಗೆಯಬೇಕು. ಎರಡು, ದಾರಿಯಲ್ಲಿ ಗಿಡಗಳೂ ಸೂಕ್ಷ್ಮಜೀವಿಗಳೂ ಸ್ವಲ್ಪ ನೈಟ್ರೇಟನ್ನು ತಿಂದುಹಾಕುತ್ತವೆ. ಆದುದರಿಂದ ನಿಜವಾಗಿ ಬಂದದ್ದು ಉಳಿಕೆಯಾಗಿ ಸಿಕ್ಕಿದ್ದಕ್ಕಿಂತ ಹೆಚ್ಚೇ ಇರಬಹುದು. ಮೂರು, ಅಳತೆಯ ತಪ್ಪುಗಳೆಲ್ಲ ಉಳಿಕೆಯೊಳಗೇ ಬಂದು ಸೇರುತ್ತವೆ. ಒಂದು ಸಲದ ಉಳಿಕೆಯನ್ನು ನೆಚ್ಚದೆ ಹಲವು ದಿನ ಅಳೆಯಬೇಕು.

ನದಿಯಲ್ಲಿ ಕೊಳೆ ಹೇಗೆ ಕರಗುತ್ತದೆ, ಆಮ್ಲಜನಕ ಹೇಗೆ ಕುಸಿದು ಮತ್ತೆ ಏರುತ್ತದೆ ಎಂಬುದಕ್ಕೆ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಎಂಬಿಬ್ಬರು ಅಮೆರಿಕದ ಓಹಿಯೋ ನದಿಯನ್ನು ಅಭ್ಯಸಿಸಿ 1925ರಲ್ಲಿ ಸೂತ್ರ ಕೊಟ್ಟರು. ಇಂದು ಗಣಕಯಂತ್ರದಲ್ಲಿ ಓಡಿಸುವ ನದಿಯ ಮಾದರಿಗಳಿಗೆ ಅದೇ ತಾಯಿಬೇರು. ಆದರೆ ಮಾದರಿ ಎಷ್ಟೇ ದೊಡ್ಡದಿರಲಿ, ದಡದ ಹೊರೆಯನ್ನು ಅದಕ್ಕೆ ಕೊಡದಿದ್ದರೆ ಅದು ಹೊಳೆಯನ್ನು ಇರುವುದಕ್ಕಿಂತ ಶುದ್ಧವೆಂದು ತೋರಿಸುತ್ತದೆ. ಆ ಲೆಕ್ಕವನ್ನು ನಂಬಿ ಕಟ್ಟಿದ ಯೋಜನೆಯೂ ಸುಳ್ಳಾಗುತ್ತದೆ.

ನೆಲದ ಕಡೆಯಿಂದ ಲೆಕ್ಕ

ಹೊಳೆಯಲ್ಲಿ ನಿಂತು ಅಳೆಯುವುದು ಒಂದು ದಾರಿಯಾದರೆ, ನೆಲವನ್ನು ನೋಡಿ ಅಂದಾಜು ಮಾಡುವುದು ಇನ್ನೊಂದು. ಕಾಡು ಇಷ್ಟು, ಚಹಾ ಇಷ್ಟು, ತರಕಾರಿ ಇಷ್ಟು, ಊರು ಇಷ್ಟು ಎಂದು ವಿಂಗಡಿಸಿ, ಒಂದೊಂದರ ಹೆಕ್ಟೇರಿನಿಂದ ವರ್ಷಕ್ಕೆ ಎಷ್ಟು ಹೋಗುವುದೆಂಬ ಗುಣಾಂಕದಿಂದ ಗುಣಿಸಿ ಕೂಡಿಸುತ್ತಾರೆ.

ಮಣ್ಣಿನ ಸವಕಳಿಗಂತೂ ಹೆಸರಾದ ಒಂದು ಸೂತ್ರವಿದೆ. ಅಮೆರಿಕದ ವಿಶ್ಮಯರ್ ಮತ್ತು ಸ್ಮಿತ್ ಎಂಬವರು 1965ರಲ್ಲಿ ಅದನ್ನು ಪ್ರಕಟಿಸಿ, 1978ರಲ್ಲಿ ತಿದ್ದಿದರು. ಮಳೆಯ ಹೊಡೆತ, ಮಣ್ಣಿನ ಗುಣ, ಇಳಿಜಾರಿನ ಉದ್ದ ಮತ್ತು ಕಡಿದು, ನೆಲದ ಮೇಲಿನ ಹೊದಿಕೆ, ಬೇಸಾಯದ ಕ್ರಮ, ಇವುಗಳನ್ನು ಒಂದರಿಂದೊಂದು ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಟನ್ ಮಣ್ಣು ಹೋಗುವುದೆಂಬ ಅಂದಾಜು ಸಿಗುತ್ತದೆ. ರಂಜಕವು ಮಣ್ಣಿನ ಕಣಗಳಿಗೆ ಅಂಟಿಕೊಂಡು ಹೋಗುವುದರಿಂದ, ಮಣ್ಣಿನ ಲೆಕ್ಕ ತಿಳಿದರೆ ಅದರ ಲೆಕ್ಕಕ್ಕೂ ದಾರಿಯಾಗುತ್ತದೆ. ನೈಟ್ರೇಟ್ ಹಾಗಲ್ಲ, ಅದು ನೀರಿನಲ್ಲಿಯೇ ಕರಗಿ ಹೋಗುತ್ತದೆ.

ಈ ಸೂತ್ರದಲ್ಲಿ ನಮ್ಮ ಮನಸ್ಸಿಗೆ ಹಿಡಿಸಿದ ಒಂದು ಸಂಗತಿಯಿದೆ. ಮಳೆಯನ್ನು ನಾವು ಬದಲಿಸಲಾರೆವು. ಮಣ್ಣನ್ನೂ ಬೇಗ ಬದಲಿಸಲಾರೆವು. ಆದರೆ ಹೊದಿಕೆ ಮತ್ತು ಬೇಸಾಯದ ಕ್ರಮ ನಮ್ಮ ಕೈಯಲ್ಲಿವೆ. ಇದು ಗುಣಾಕಾರವಾದ್ದರಿಂದ, ಒಂದು ಅಂಶವನ್ನು ಅರ್ಧ ಮಾಡಿದರೆ ಒಟ್ಟು ಫಲವೇ ಅರ್ಧವಾಗುತ್ತದೆ. ಎರಡನ್ನೂ ಅರ್ಧ ಮಾಡಿದರೆ ಕಾಲು ಭಾಗಕ್ಕೆ ಇಳಿಯುತ್ತದೆ. ಮೇಲಿಂದ ಕೆಳಕ್ಕೆ ಹೊಡೆದ ಸಾಲು ನೀರಿಗೆ ಹಾದಿ ಮಾಡಿಕೊಡುತ್ತದೆ. ಅಡ್ಡಲಾಗಿ ಹೊಡೆದ ಸಾಲು ನೀರನ್ನು ತಡೆದು ಇಂಗಿಸುತ್ತದೆ. ಒಳ್ಳೆಯ ಮೆಟ್ಟಿಲು ಹೊಲ ಇನ್ನೂ ಹೆಚ್ಚು ತಡೆಯುತ್ತದೆ.

ಪರದೇಶದ ಬಯಲಿನಲ್ಲಿ ಕಂಡುಕೊಂಡ ಗುಣಾಂಕಗಳನ್ನು ನಮ್ಮ ಬೆಟ್ಟಕ್ಕೆ ಹಾಗೆಯೇ ಹಚ್ಚಬಾರದು. ಇಲ್ಲಿಯೇ ಅಳೆಯಬೇಕು. ಆ ಕೆಲಸಕ್ಕಾಗಿ ಉದಕಮಂಡಲದಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಕೇಂದ್ರ ಸರ್ಕಾರದ ಸಂಶೋಧನಾ ಕೇಂದ್ರ 1954ರಿಂದ ಇದೆ. ಅವರು ಗ್ಲೆನ್‌ಮಾರ್ಗನ್ ಬಳಿ ನಡೆಸಿದ ಪ್ರಯೋಗ ಬಹಳ ಸೊಗಸಾದುದು. ಸುಮಾರು 32 ಹೆಕ್ಟೇರಿನ, ಅಕ್ಕತಂಗಿಯರಂತಿದ್ದ ಎರಡು ಜಲಾನಯನಗಳನ್ನು ಆರಿಸಿಕೊಂಡು 1968ರಿಂದ ಎರಡರ ನೀರನ್ನೂ ಅಳೆದರು. 1972ರಲ್ಲಿ ಒಂದರ ಸುಮಾರು 59 ಶತಾಂಶ ನೆಲದಲ್ಲಿ ನೀಲಗಿರಿ ಮರ ನೆಟ್ಟು, ಇನ್ನೊಂದನ್ನು ಹುಲ್ಲುಗಾವಲಾಗಿಯೂ ಶೋಲೆಯಾಗಿಯೂ ಹಾಗೆಯೇ ಬಿಟ್ಟರು. ಮೊದಲ ಹತ್ತು ವರ್ಷಗಳಲ್ಲಿ ಮರ ನೆಟ್ಟ ಕಡೆಯ ನೀರು ಸರಾಸರಿ 16 ಶತಾಂಶ ಕಡಿಮೆಯಾಗಿತ್ತು. ಅದು ಕೊಳೆಯ ಅಳತೆಯಲ್ಲ, ನೀರಿನ ಅಳತೆ. ಆದರೂ ನಮ್ಮ ಪಾಠಕ್ಕೆ ಅದರಿಂದ ಎರಡು ಲಾಭಗಳಿವೆ. ನೀರು ಕಡಿಮೆಯಾದರೆ ಅಷ್ಟೇ ಕೊಳೆಯೂ ಹೆಚ್ಚು ಗಾಢವಾಗುತ್ತದೆ. ಎರಡನೆಯದಾಗಿ, ನೆಲದ ಮೇಲೆ ನಾವು ಮಾಡುವುದಕ್ಕೆ ಹೊಳೆ ಲೆಕ್ಕ ಇಡುತ್ತದೆ ಎಂಬುದು ನಮ್ಮ ಊರಿನಲ್ಲಿಯೇ ಸಿದ್ಧವಾಯಿತು.

ನಮ್ಮ ಪಾಲು

ಈಗ ನಮ್ಮದೇ ಒಂದು ತಪ್ಪನ್ನು ಹೇಳಿಬಿಡುತ್ತೇವೆ. ಕೆಲವು ವರ್ಷಗಳ ಹಿಂದೆ ಶಾಲೆಯ ತೋಟದಲ್ಲಿ ಕೋಸಿನ ಮಡಿಗಳಿಗೆ ಒಂದು ಸಂಜೆ ನಾವೇ ಮುಂದೆ ನಿಂತು ಯೂರಿಯಾ ಹಾಕಿಸಿದೆವು. ಒಂದಕ್ಕೆರಡು ಹಾಕಿದರೆ ಗಡ್ಡೆ ದೊಡ್ಡದಾಗುವುದೆಂಬ ಆಸೆ. ಮೋಡ ಕವಿದಿತ್ತು, ಮಳೆ ಬಂದರೆ ನೀರು ಹಾಕುವ ಕೆಲಸ ತಪ್ಪಿತೆಂದು ಸಂತೋಷವನ್ನೂ ಪಟ್ಟೆವು. ರಾತ್ರಿ ಜಡಿಮಳೆ. ಬೆಳಿಗ್ಗೆ ನೋಡಿದರೆ ಮಡಿಗಳ ನಡುವೆ ಕೊರಕಲು ಬಿದ್ದು, ಮಣ್ಣೂ ಗೊಬ್ಬರವೂ ಬೇಲಿಯ ಆಚೆಗಿನ ಹಳ್ಳದ ಪಾಲಾಗಿದ್ದವು. ದುಡ್ಡು ಹೋಯಿತೆಂದು ಅಂದು ಬೇಸರಪಟ್ಟೆವು. ಅದು ಎಲ್ಲಿಗೆ ಹೋಯಿತೆಂದು ಅಂದು ಕೇಳಿಕೊಳ್ಳಲಿಲ್ಲ.

ಅದನ್ನು ನಮಗೆ ಕೇಳಿಸಿದವಳು ಸೇತುವೆಯ ಮೇಲಿನ ಆ ಹುಡುಗಿ. ಮೇಲಿನವರು ಪೇಟೆಯನ್ನು ಬೈಯುತ್ತಾರೆ. ಪೇಟೆಯವರು ತೋಟದವರನ್ನು ಬೈಯುತ್ತಾರೆ. ಕೆಳಗಿನವರು ಎಲ್ಲರನ್ನೂ ಬೈಯುತ್ತಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವರು ಇಲ್ಲಿ ಒಬ್ಬರಲ್ಲ. ಹಾಗೆಂದು ಚರಂಡಿ ನಿರಪರಾಧಿ ಎಂದು ನಾವು ಹೇಳುತ್ತಿಲ್ಲ. ಜಾನ್ ಸುಲಿವನ್ ಎಂಬ ಕಲೆಕ್ಟರ್ 1823ರಿಂದ 1825ರವರೆಗೆ ಕಟ್ಟಿಸಿದ ಊಟಿಯ ಸರೋವರಕ್ಕೆ ಊರು ಬೆಳೆದಂತೆ ಹೊಲಸು ಹರಿದು, ಅಂತರಗಂಗೆ ಹಬ್ಬಿದ್ದನ್ನು ಹಿರಿಯರು ಕಂಡಿದ್ದಾರೆ. ಚರಂಡಿಯ ಲೆಕ್ಕ ಬೇರೆ, ದಡದ ಲೆಕ್ಕ ಬೇರೆ. ಎರಡನ್ನೂ ಬರೆದರೆ ಮಾತ್ರ ಹೊಳೆಯ ಲೆಕ್ಕ ಸರಿಹೋಗುತ್ತದೆ. ಅಂದಾಜು ಮಾಡುವುದು ತಪ್ಪಿತಸ್ಥನನ್ನು ಹಿಡಿಯಲಿಕ್ಕಲ್ಲ, ಎಲ್ಲಿ ಕೈಹಾಕಿದರೆ ಹೆಚ್ಚು ಫಲ ಸಿಗುವುದೆಂದು ತಿಳಿಯಲಿಕ್ಕೆ.

ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ. ಮೋಡ ಕಟ್ಟಿದ ದಿನ ಗೊಬ್ಬರ ಹಾಕಬೇಡಿರಿ. ಮಣ್ಣು ಪರೀಕ್ಷೆ ಮಾಡಿಸಿ ಬೇಕಾದಷ್ಟನ್ನೇ ಎರಡು ಮೂರು ಕಂತಿನಲ್ಲಿ ಕೊಡಿರಿ. ಸಾಲನ್ನು ಇಳಿಜಾರಿಗೆ ಅಡ್ಡಲಾಗಿ ಹೊಡೆಯಿರಿ. ಹಳ್ಳದ ಅಂಚಿನಲ್ಲಿ ನಾಲ್ಕು ಮಾರು ಹುಲ್ಲು ಬಿಡಿರಿ. ಅದು ಜರಡಿಯಂತೆ ಮಣ್ಣನ್ನು ಹಿಡಿಯುತ್ತದೆ. ಔಷಧಿ ಹೊಡೆದ ಪಂಪನ್ನೂ ಕಿತ್ತ ಕ್ಯಾರೆಟನ್ನೂ ಹರಿಯುವ ನೀರಿನಲ್ಲಿ ತೊಳೆಯಬೇಡಿರಿ. ಇವುಗಳಲ್ಲಿ ಯಾವುದೂ ಖರ್ಚಿನ ಬಾಬಲ್ಲ. ಕೆಲವು ದುಡ್ಡು ಉಳಿಸುವಂಥವು.

ಮಾಡಿ ನೋಡಿರಿ

1. ಹರಿವನ್ನು ಅಳೆಯುವುದು: ಹಳ್ಳದ ನೇರವಾದ ಕಡೆ 10 ಮೀಟರ್ ಗುರುತು ಮಾಡಿ, ಒಂದು ಕಿತ್ತಳೆ ಹಣ್ಣನ್ನು ತೇಲಿಬಿಡಿರಿ. 20 ಸೆಕೆಂಡು ಹಿಡಿದರೆ ವೇಗ ಸೆಕೆಂಡಿಗೆ 0.5 ಮೀಟರ್. ಅಗಲ 2 ಮೀಟರ್, ಸರಾಸರಿ ಆಳ 0.25 ಮೀಟರ್ ಆದರೆ ಅಡ್ಡಕೊಯ್ತ 0.5 ಚದರ ಮೀಟರ್. ಎರಡನ್ನೂ ಗುಣಿಸಿರಿ. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾಗಿ ಓಡುವುದರಿಂದ ಬಂದದ್ದನ್ನು 0.85ರಿಂದ ಗುಣಿಸಿರಿ. ಹರಿವು ಸೆಕೆಂಡಿಗೆ ಸುಮಾರು 212 ಲೀಟರ್. ಈ ಕೆಲಸವನ್ನು ದೊಡ್ಡವರ ಜೊತೆಯಲ್ಲಿ, ನೀರು ಕಡಿಮೆ ಇರುವಾಗ ಮಾತ್ರ ಮಾಡತಕ್ಕದ್ದು.

2. ಮಳೆಯ ಮೊದಲು ಒಂದು ಗಾಜಿನ ಸೀಸೆ, ಮಳೆ ನಿಂತ ಮೇಲೆ ಒಂದು ಸೀಸೆ ನೀರು ತುಂಬಿ, ಒಂದು ರಾತ್ರಿ ಅಲುಗಿಸದೆ ಇಡಿರಿ. ತಳದಲ್ಲಿ ನಿಂತ ಮಣ್ಣನ್ನು ಹೋಲಿಸಿ ಬರೆಯಿರಿ.

3. ಮೇಲಿನ ಸೇತುವೆಯಲ್ಲಿ 80 ಲೀಟರ್, ಲೀಟರಿಗೆ 5 ಮಿಲಿಗ್ರಾಂ. ಚರಂಡಿಯಿಂದ 10 ಲೀಟರ್, ಲೀಟರಿಗೆ 20 ಮಿಲಿಗ್ರಾಂ. ಕೆಳಗಿನ ಸೇತುವೆಯಲ್ಲಿ 110 ಲೀಟರ್, ಲೀಟರಿಗೆ 8 ಮಿಲಿಗ್ರಾಂ. ಎಲ್ಲವೂ ಒಂದು ಸೆಕೆಂಡಿನ ಹರಿವು. ದಡದಿಂದ ಬಂದ ನೀರೆಷ್ಟು? ಹೊರೆಯೆಷ್ಟು? ಆ ನೀರಿನ ಸಾರತೆ ಎಷ್ಟು?

(ಮೂರನೆಯ ಪ್ರಶ್ನೆಯ ಉತ್ತರ: 20 ಲೀಟರ್, 280 ಮಿಲಿಗ್ರಾಂ, ಲೀಟರಿಗೆ 14 ಮಿಲಿಗ್ರಾಂ.)

ಉತ್ತರ ಸರಿಯಾಗಿ ಬಂದವರು ಅದನ್ನು ಮನೆಯಲ್ಲಿ ಅಪ್ಪ ಅಮ್ಮಂದಿರಿಗೂ ಮಾಡಿ ತೋರಿಸಿರಿ. ಮುಂದಿನ ಮಳೆಗೆ ಹಳ್ಳ ಕೆಂಪಾದಾಗ ಮೊದಲು ನಮ್ಮ ನಮ್ಮ ಬೇಲಿಯ ಅಂಚಿಗೆ ಹೋಗಿ ನೋಡೋಣ. ಶಾಲೆಯ ತೋಟದ ಅಂಚನ್ನು ನೋಡುವ ಕೆಲಸ ನಮ್ಮದು.